ಕೀಲುಕುದುರೆಗೆ ಕಡಿವಾಣ

ತುಮಕೂರಿನ ಕ್ಯಾತ್ಸಂದ್ರದಿಂದ ಬಟವಾಡಿಗೆ ತಟ್ಟೆ ಇಡ್ಲಿ ತರುವುದು ದೊಡ್ಡ ಪ್ರಯಾಣವೇನಲ್ಲ. ಇಡ್ಲಿಯ ಬಿಸಿ ಆರುವ ಮೊದಲೇ ಮನೆ ಬಂದಿರುತ್ತದೆ. ಆದರೂ ನಮ್ಮ ಗಾಡಿಯಲ್ಲಿ ಹೊರಟ ಚಟ್ನಿ ಒಂದು ಭಾನುವಾರವೂ ಪೂರ್ತಿಯಾಗಿ ಮನೆ ಸೇರಿದ್ದಿಲ್ಲ. ಅರ್ಧ ಕ್ಯಾರಿಯರಿನಲ್ಲಿ, ಕಾಲುಭಾಗ ಸೀಟಿನ ಮೇಲೆ, ಉಳಿದದ್ದು ಹೆಂಡತಿಯ ಮಡಿಲಲ್ಲಿ. “ರೀ, ಮುಂದಿನ ವಾರ ಇಡ್ಲಿಯನ್ನೂ ಸೀಟಿನ ಮೇಲೆಯೇ ಹಾಕಿಕೊಂಡು ತಿಂದುಬಿಡೋಣ. ಚಟ್ನಿ ಹೇಗೂ ಅಲ್ಲೇ ಇರುತ್ತದೆ” ಎಂದಳು.

ಗಾಡಿ 2009ರದು. ಕಂಪನಿಯ ಹೆಸರು ಬೇಡ. ಇಷ್ಟು ವಯಸ್ಸಾದ ಮೇಲೆ ಮಕ್ಕಳ ನಡತೆಗೆ ಹೆತ್ತವರನ್ನು ದೂರಬಾರದು. ಊರೆಲ್ಲ ಎಸ್‌ಯುವಿ ಎನ್ನುವುದನ್ನು ಅಮ್ಮ ಇಂದಿಗೂ ಜೀಪು ಎನ್ನುತ್ತಾಳೆ. ರಸ್ತೆಯಲ್ಲಿ ಉಬ್ಬು ಬಂದಾಗಲೆಲ್ಲ ಹಿಂದಿನ ಸೀಟಿನಿಂದ “ನರಸಿಂಹಾ!” ಎಂಬ ಕೂಗು ಬರುತ್ತಿತ್ತು. ದೇವರಾಯನದುರ್ಗದ ಬೆಟ್ಟದಲ್ಲಿ ಕೆಳಗೆ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ನಮ್ಮ ಗಾಡಿಯಲ್ಲಿ ಹೋದವರಿಗೆ ಭೋಗ ಕೆಳಗೇ ಮುಗಿದು ಮೊದಲ ತಿರುವಿನಿಂದಲೇ ಯೋಗ ಶುರುವಾಗುತ್ತಿತ್ತು: ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಅವುಚಿಕೊಂಡು ಕೂರುವುದು.

ತಪ್ಪು ಟಯರುಗಳದ್ದು ಎಂದು ನಾನೇ ತೀರ್ಮಾನಿಸಿದೆ. ಕಣ್ಣಿಗೆ ಕಾಣುವುದು ಅವೇ ತಾನೆ. ಅವುಗಳ ಮೈಮೇಲಿನ ಕಚ್ಚುಗಳೇನೋ ಇನ್ನೂ ಆಳವಾಗಿಯೇ ಇದ್ದವು. ಆದರೆ ನಮ್ಮ ಮೆಕ್ಯಾನಿಕ್ ಭಾಯ್ ಟಯರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗಿದ್ದ 3214 ಎಂಬ ಅಂಕಿಯನ್ನು ತೋರಿಸಿದರು. ನಾನು ಅದನ್ನು ಇಷ್ಟು ವರ್ಷ ಬೆಲೆ ಎಂದುಕೊಂಡಿದ್ದೆ. ಅದು ಹುಟ್ಟಿದ ದಿನವಂತೆ: 2014ರ 32ನೆಯ ವಾರ. ಹತ್ತಿರ ಬಗ್ಗಿ ನೋಡಿದರೆ ರಬ್ಬರಿನ ತುಂಬ ಬೇಸಿಗೆಯ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು. “ಇದು ಟಯರಲ್ಲ ಸಾರ್, ಹಪ್ಪಳ” ಎಂದರು. “ಆದರೆ ಟಯರಿಗೆ ಮೊದಲು ಶಾಕ್ ಅಬ್ಸಾರ್ಬರುಗಳನ್ನು, ಅದೇ ಶಾಕುಗಳನ್ನು, ನೋಡೋಣ.”

ಆ ಎರಡನೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಾಗಲೇ ನಾನು ಟಯರ್ ಅಂಗಡಿಯ ಕನಸಿನಲ್ಲಿದ್ದೆ.

ಗಾಡಿಗೆ ಕಂಪನಿ ಕೊಟ್ಟದ್ದು 215/75 ಆರ್ 15. ನಾನು ಹಾಕಿಸಿದ್ದು 235/75 ಆರ್ 15. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ. ಎರಡನೆಯದು ಆ ಅಗಲಕ್ಕೆ ಗೋಡೆಯ ಎತ್ತರ ಶೇಕಡ ಎಷ್ಟು ಎಂಬುದು. ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಅಗಲ ಹೆಚ್ಚಿದರೆ ಎತ್ತರವೂ ಹೆಚ್ಚುತ್ತದೆ ಎಂಬ ಗುಣಾಕಾರವನ್ನು ನಾನು ಮಾಡಿದ್ದು ಹಣ ಕೊಟ್ಟ ಮೇಲೆ. ಚಕ್ರದ ವ್ಯಾಸ 30 ಮಿ.ಮೀ. ದೊಡ್ಡದಾಗಿತ್ತು. ಸ್ಪೀಡೋಮೀಟರಿಗೆ ಈ ವಿಷಯವನ್ನು ಯಾರೂ ತಿಳಿಸಿರಲಿಲ್ಲ. ಮೊದಲು 60 ತೋರಿಸುತ್ತಿದ್ದ ಓಟದಲ್ಲೇ ಈಗ ಗಾಡಿ ಹತ್ತಿರ ಹತ್ತಿರ 63ರಲ್ಲಿ ಓಡುತ್ತಿತ್ತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿನೊಳಗಿಂದ ತೆಂಗಿನಕಾಯಿ ತುರಿಯುವ ಸದ್ದು. ಹಿಂಬಾಗಿಲಿಗೆ ನೇತುಬಿದ್ದ ಸ್ಟೆಪ್ನಿ ಮಾತ್ರ ಹಳೆಯ ಅಳತೆಯದು, ದೊಡ್ಡ ಅಣ್ಣಂದಿರ ನಡುವೆ ಊಟ ಸಾಲದ ತಮ್ಮನ ಹಾಗೆ. (ಸ್ಟೆಪ್ನಿ ನಮ್ಮ ಗ್ಯಾರೇಜುಗಳ ಪದ ಎಂದು ತಿಳಿದಿದ್ದೆ. 1904ರಲ್ಲಿ ವೇಲ್ಸ್ ದೇಶದ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಹೆಚ್ಚುವರಿ ಚಕ್ರ ತಯಾರಿಸಿದವರು ಇಟ್ಟ ಹೆಸರಂತೆ. ಆ ಬೀದಿಯ ಹೆಸರು ಬಿ.ಎಚ್. ರಸ್ತೆಯ ಪಂಕ್ಚರ್ ಅಂಗಡಿಗಳಲ್ಲಿ ದಿನಕ್ಕೆ ಎಷ್ಟು ಸಲ ಕೇಳುತ್ತದೋ!)

ಗಾಳಿಯ ವಿಷಯದಲ್ಲಿ ನಾನು ಇನ್ನಷ್ಟು ವಿದ್ವಾಂಸನಾದೆ. ಟಯರಿನ ಮೇಲೆ 44 ಪಿಎಸ್‌ಐ ಎಂದು ಅಚ್ಚಾಗಿತ್ತು. ಗಾಳಿ ಹಿಡಿಯುವ ಹುಡುಗ “ಇಷ್ಟು ಬೇಡ ಸಾರ್” ಎಂದರೂ ಕೇಳದೆ, “ಬರೆದಿರುವುದನ್ನು ಓದಪ್ಪ” ಎಂದು ಗದರಿಸಿ ತುಂಬಿಸಿಕೊಂಡೆ. ಅದರ ಪಕ್ಕದಲ್ಲೇ ‘ಗರಿಷ್ಠ’ ಎಂದೂ ಬರೆದಿತ್ತು, ಓದಬೇಕಾದವನು ನಾನು. ಹಾಕಬೇಕಾದ ಗಾಳಿಯ ಲೆಕ್ಕ ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ನಮ್ಮದರ ಮೇಲೆ ಮಗ ಚಿಕ್ಕವನಿದ್ದಾಗ ಹನುಮಂತನ ಸ್ಟಿಕ್ಕರ್ ಅಂಟಿಸಿದ್ದ.

ಆ ಭಾನುವಾರ ಕ್ಯಾತ್ಸಂದ್ರದಿಂದ ಹೊರಟಾಗ ಗಾಡಿ ಗರಡಿಯ ಪೈಲ್ವಾನನಂತೆ ಕಾಣುತ್ತಿತ್ತು. ಓಡುವಾಗ ಮಾತ್ರ ಕಲ್ಲಿನ ರಥ. ಕ್ಯಾರಿಯರಿನ ಮುಚ್ಚಳ ಹಾರಿತು. ಈ ಸಲ ಚಟ್ನಿ ಅಮ್ಮನವರೆಗೂ ತಲುಪಿತು. “ನರಸಿಂಹಾ!”

ಭಾಯ್ ಬಳಿಗೆ ತಲೆ ತಗ್ಗಿಸಿಕೊಂಡು ಹೋದೆ. ಅವರು ಏನೂ ಹೇಳಲಿಲ್ಲ. ಬಾನೆಟ್ಟಿನ ಒಂದು ಮೂಲೆಯ ಮೇಲೆ ಎರಡೂ ಕೈ ಊರಿ ಒತ್ತಿ ಬಿಟ್ಟರು. ಒಂದು ಸಲ ಎದ್ದು ನಿಂತುಬಿಡಬೇಕಾಗಿದ್ದ ಗಾಡಿ ಜಾತ್ರೆಯ ಕೀಲುಕುದುರೆಯ ಹಾಗೆ ಕುಣಿಯುತ್ತಲೇ ಇತ್ತು. ಆಮೇಲೆ ಕೆಳಗೆ ನುಸುಳಿ ಹಿಂದಿನ ಶಾಕೊಂದನ್ನು ಬಿಚ್ಚಿ ತಂದು ನನ್ನ ಕೈಗಿಟ್ಟರು. ಮೈತುಂಬ ಎಣ್ಣೆ ಜಿನುಗಿ, ಅದಕ್ಕೆ ತುಮಕೂರಿನ ಸಮಸ್ತ ಧೂಳೂ ಮೆತ್ತಿಕೊಂಡಿತ್ತು. ಸರಳನ್ನು ಒತ್ತಿದೆ. ಬೆಣ್ಣೆಗೆ ಚಾಕು ಹೋದಂತೆ ಒಳಗೆ ಹೋಯಿತು. ಎಳೆದರೆ ಹಾಗೆಯೇ ಹೊರಗೆ ಬಂತು. ಭಾರ ಹೊರುವುದು ಸ್ಪ್ರಿಂಗು, ಕಮಾನು ಪಟ್ಟಿಗಳ ಕೆಲಸ. ಅವು ಕುಣಿಯಲು ಹೊರಟಾಗ ಸಾಕು ಎನ್ನುವುದು ಶಾಕಿನ ಕೆಲಸ. ಒಳಗಿರುವ ಎಣ್ಣೆ ಸಣ್ಣ ತೂತುಗಳಲ್ಲಿ ತಿಣುಕಿ ದಾಟಬೇಕು. ಕುಣಿತದ ಕಸುವೆಲ್ಲ ಆ ತಿಣುಕಾಟದಲ್ಲಿ ಬಿಸಿಯಾಗಿ ಕರಗುತ್ತದೆ. ನಮ್ಮದರಲ್ಲಿ ಸಾಕು ಎನ್ನುವವರು ಯಾರೂ ಉಳಿದಿರಲಿಲ್ಲ.

ಗ್ಯಾಸ್ ತುಂಬಿದ ಹೊಸ ಶಾಕುಗಳು ನಾಲ್ಕು ಬಂದವು. ಭಾಯ್ ಮರುದಿನ ಬೆಳಗ್ಗೆ ತರಲು ಹೇಳಿದ್ದರಿಂದ ರಾತ್ರಿ ಅವು ನಮ್ಮ ಹಜಾರದಲ್ಲೇ ಮಲಗಿದವು. ಪ್ರತಿಯೊಂದರ ಸೊಂಟಕ್ಕೂ ಒಂದು ಪ್ಲಾಸ್ಟಿಕ್ ಪಟ್ಟಿ. ಹೊಸ ವಸ್ತುವಿನ ಪಟ್ಟಿ, ಚೀಟಿ, ಹಾಳೆಗಳನ್ನು ಕಿತ್ತು ಹಾಕುವುದು ನನ್ನ ಹಳೆಯ ಚಟ. ಕತ್ತರಿ ತಂದು ಒಂದನ್ನು ಕತ್ತರಿಸಿದೆ. ಒಳಗಿದ್ದ ಸರಳು ಬಿಲದಿಂದ ಹೊರಟ ನಾಗರದಂತೆ ನಿಧಾನವಾಗಿ, ಗಂಭೀರವಾಗಿ ಮೇಲಕ್ಕೆ ಬಂತು. ಒತ್ತಿದೆ. ಹೆಂಡತಿಯನ್ನು ಕರೆದು ಇಬ್ಬರೂ ಒತ್ತಿದೆವು. ಒಳಗೆ ಹೋಯಿತು, ಆದರೆ ಹಿಡಿದಿಡಲು ಪಟ್ಟಿ ಎಲ್ಲಿದೆ? ಕೈ ಬಿಟ್ಟೊಡನೆ ಮತ್ತೆ ಎದ್ದಿತು. ಜೋಡಿಸುವವರೆಗೆ ಗಿಡ್ಡವಾಗಿರಲಿ ಎಂದೇ ಆ ಪಟ್ಟಿ ಕಟ್ಟಿರುತ್ತಾರೆ. ಮರುದಿನ ಮೂರು ಶಾಕುಗಳು ಸಲೀಸಾಗಿ ಕೂತವು. ನಾಲ್ಕನೆಯದನ್ನು ಭಾಯ್ ಮತ್ತು ಅವರ ಶಿಷ್ಯ ಮಲಗಿಕೊಂಡು, ಕಾಲು ಕೊಟ್ಟು, ಎರಡು ಭಾಷೆಗಳಲ್ಲಿ ಬೈದು ಕೂರಿಸಿದರು. ನನ್ನನ್ನು ಬೈದದ್ದು ಯಾವ ಭಾಷೆಯಲ್ಲಿ ಎಂದು ನಾನು ಕೇಳಲಿಲ್ಲ. ಸವೆದ ರಬ್ಬರ್ ಬುಷ್‌ಗಳನ್ನೂ ಬದಲಿಸಿ, ಸ್ಟಿಯರಿಂಗ್ ತಿರುಗುವ ಮಿತಿಯ ಬೋಲ್ಟನ್ನು ಕೊಂಚ ಹೊಂದಿಸಿ, ಅಲೈನ್‌ಮೆಂಟ್ ಮುಗಿಸಿ, ಹನುಮಂತನನ್ನು ಮೆಲ್ಲನೆ ಎಬ್ಬಿಸಿ ಕೆಳಗಿನ ಚೀಟಿ ನೋಡಿ ಗಾಳಿ ಇಳಿಸಿದರು.

ಮುಂದಿನ ಶನಿವಾರ ದೇವರಾಯನದುರ್ಗಕ್ಕೆ ಹೊರಟೆವು. ಟಯರುಗಳು ಜೇನುಹುಟ್ಟಿನಂತೆ ಗುಂಯ್‌ಗುಡುತ್ತಿದ್ದವು; ಅದಕ್ಕೆ ಮದ್ದಿಲ್ಲ. ತಿರುವುಗಳಲ್ಲಿ ಗಾಡಿ ಮೊದಲಿನಂತೆ ಒಂದು ಮಗ್ಗುಲಿಗೆ ಮಲಗದೆ ಸುಮ್ಮನೆ ತಿರುಗಿತು. ನಾಮದ ಚಿಲುಮೆ ದಾಟಿದ ಮೇಲೆ ಹಿಂದಿನ ಸೀಟಿನಿಂದ ಸದ್ದೇ ಇಲ್ಲ. ಹೆಂಡತಿ ಗಾಬರಿಯಿಂದ ತಿರುಗಿ ನೋಡಿದಳು. ಅಮ್ಮ ಬಾಯಿ ತೆರೆದುಕೊಂಡು ಸೊಗಸಾಗಿ ನಿದ್ದೆ ಹೋಗಿದ್ದಳು.

ಮೇಲೆ ಹೋಗಿ ಎಬ್ಬಿಸಿದಾಗ ಅವಳ ಮುಖ ಸಪ್ಪಗಾಯಿತು. “ಇಷ್ಟು ದೂರ ಬಂದರೂ ದಾರಿಯಲ್ಲಿ ಒಂದು ಸಲವೂ ಸ್ವಾಮಿಯ ಹೆಸರು ಬಾಯಿಗೆ ಬರಲಿಲ್ಲವಲ್ಲೋ” ಎಂದು, ತಪ್ಪುಕಾಣಿಕೆಯಾಗಿ ಮೂರು ಪ್ರದಕ್ಷಿಣೆ ಹೆಚ್ಚು ಹಾಕಿದಳು. ಮರುದಿನ ಕ್ಯಾತ್ಸಂದ್ರದ ಚಟ್ನಿ ಒಂದು ತೊಟ್ಟೂ ಚೆಲ್ಲದೆ ಮನೆ ಸೇರಿತು. ಹೆಂಡತಿ ಮಡಿಲಿಗೆ ಹಾಸಿಕೊಂಡಿದ್ದ ಹಳೆಯ ಟವೆಲನ್ನು ಒಣಗಿದ್ದಂತೆಯೇ ಮಡಚಿಟ್ಟಳು. ಇಡ್ಲಿ ತಿನ್ನುತ್ತಾ ಅಮ್ಮ ನನ್ನ ಕಡೆ ನೋಡಿ ಮೆಲ್ಲನೆ ಕೇಳಿದಳು:

“ಆ ಹಳೆಯ ಶಾಕುಗಳನ್ನು ಎಸೆದುಬಿಟ್ಟೆಯೇನೋ, ಇಟ್ಟಿದ್ದೀಯಾ?”