ಮೂರು ಸಾಲಿನ ತಿದ್ದುಪಡಿ, 19 ದಿನದ ದಾರಿ

ಕರ್ನಾಟಕ ಬಿಟ್ಟು ಹೊರಗೆ ಬರುವ ಮೊದಲು ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಂದು ಸಣ್ಣ ಬಗ್, ಅಂದರೆ ಕೋಡ್‌ನಲ್ಲಿನ ತಪ್ಪು, ಸಿಕ್ಕಿತ್ತು. ತಿಂಗಳ ಕೊನೆಯ ದಿನ ಯಾರಾದರೂ ಅರ್ಜಿ ಹಾಕಿದರೆ ಮುಂದಿನ ಕಂತಿನ ತಾರೀಕು ತಪ್ಪಾಗಿ ಬೀಳುತ್ತಿತ್ತು. ಮೂರು ಸಾಲು ಕೋಡ್ ಬದಲಾಯಿಸಿದರೆ ಮುಗಿಯಿತು. ಅರ್ಧ ಗಂಟೆಯಲ್ಲಿ ಬರೆದೆ, ಅದು ಸರಿಯಾಗಿದೆಯೇ ಅಂತ ನೋಡುವ ಒಂದು ಟೆಸ್ಟೂ ಬರೆದೆ. ಅದು ಗ್ರಾಹಕರನ್ನು ತಲುಪಿದ್ದು 19 ದಿನ ಆದಮೇಲೆ.

ಆ 19 ದಿನ ಯಾರೂ ಸುಮ್ನೆ ಕೂತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಕೋಡ್ ಓದಿ ರಿವ್ಯೂ ಮಾಡಬೇಕಿದ್ದ ಹಿರಿಯರು ಬೇರೆ ಟೀಮ್‌ನವರು, ಅವರ ತಲೆ ಮೇಲೆ ಅವರದೇ ಕೆಲಸ ಇತ್ತು. ಟೆಸ್ಟಿಂಗ್ ಟೀಮ್‌ಗೆ ಇದ್ದದ್ದು ಒಂದೇ ಸರ್ವರ್, ಅದಕ್ಕೆ ಸರದಿ. ಬದಲಾವಣೆಗಳಿಗೆ ಒಪ್ಪಿಗೆ ಕೊಡುವ ಸಮಿತಿ ಗುರುವಾರ ಮಾತ್ರ ಸೇರುತ್ತಿತ್ತು. ಒಂದು ಗುರುವಾರ ತಪ್ಪಿದರೆ ಇನ್ನೊಂದು ಗುರುವಾರದವರೆಗೆ ಕಾಯಬೇಕು. ಕೊನೆಗೆ ಆಪರೇಷನ್ಸ್‌ನವರು ತಮಗೆ ಬಿಡುವಾದ ರಾತ್ರಿ ಅದನ್ನು ಸರ್ವರ್‌ಗೆ ಹಾಕಿದರು. ಎಲ್ಲರೂ ಅದರ ಮೇಲೆ ಕೈಯಿಟ್ಟ ಹೊತ್ತನ್ನು ಕೂಡಿದರೆ ನಾಲ್ಕು ಗಂಟೆ ದಾಟುತ್ತಿರಲಿಲ್ಲ. ಉಳಿದದ್ದೆಲ್ಲ ಕಾಯುವುದರಲ್ಲೇ ಹೋಯಿತು.

ಹೊರಗೆ ಬಂದು ಹೊಸ ಕೆಲಸಕ್ಕೆ ಸೇರಿದ ಎರಡನೇ ವಾರ ಅಷ್ಟೇ ಗಾತ್ರದ ಒಂದು ತಿದ್ದುಪಡಿ ಮಾಡಿದೆ. ಪಕ್ಕದಲ್ಲಿದ್ದವರು ಓದಿದರು, ಒಂದು ಪ್ರಶ್ನೆ ಕೇಳಿದರು, ಸರಿ ಅಂದರು. ಟೆಸ್ಟ್‌ಗಳು ತಾವಾಗಿ ಓಡಿದವು. ಇನ್ನು ಯಾರನ್ನು ಕೇಳಬೇಕು ಅಂದೆ. "ಯಾರನ್ನೂ ಕೇಳಬೇಕಿಲ್ಲ, ಬಟನ್ ನೀವೇ ಒತ್ತಿ" ಅಂದರು. ಅಂದು ಸಂಜೆಯೊಳಗೆ ಅದು ಬಳಕೆದಾರರ ಮುಂದಿತ್ತು.

ನಾನು ಅದೇ ಮನುಷ್ಯ. ಅದೇ ಕೈ, ಅದೇ ತಲೆ, ಕೋಡ್ ಬರೆಯುವ ಭಾಷೆಯೂ ಅದೇ ಜಾವಾ. ಹಾಗಾದರೆ ಬದಲಾದದ್ದು ಏನು? ಕೆಲವು ವರ್ಷ ಇದನ್ನೇ ಯೋಚಿಸಿದ್ದೇನೆ. ಇದು ನಮ್ಮವರು ನಿಧಾನ, ಹೊರಗಿನವರು ಚುರುಕು ಅನ್ನುವ ಮಾತಲ್ಲ. ಹೊರಗೂ 19 ದಿನ ತೆಗೆದುಕೊಳ್ಳುವ ಕಂಪನಿಗಳು ಬೇಕಾದಷ್ಟಿವೆ, ನಮ್ಮಲ್ಲೂ ಸಂಜೆಯೊಳಗೆ ಮುಗಿಸುವ ಟೀಮ್‌ಗಳಿವೆ. ಕೆಲಸದ ವಿವರ ಗೊತ್ತಿರುವವರಿಗೂ ತೀರ್ಮಾನ ಮಾಡುವವರಿಗೂ ನಡುವೆ ಎಷ್ಟು ದೂರ ಇದೆ ಅನ್ನುವುದೇ ವ್ಯತ್ಯಾಸ. ಆ ದೂರವನ್ನು ಇಡುವುದು ಸಂಸ್ಥೆ. ಅದನ್ನು ಮುಟ್ಟದೆ ಕೆಲಸದ ವಿಧಾನ ಸುಧಾರಿಸುತ್ತೇವೆ ಅಂತ ಹೊರಟರೆ ಹೆಸರುಗಳಷ್ಟೇ ಬದಲಾಗುತ್ತವೆ.

ನಮ್ಮ ಹಳೆ ಕಂಪನಿಯಲ್ಲಿ ಅಜೈಲ್, ಅಂದರೆ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟುವ ಪದ್ಧತಿ, ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ದಿನ ತರಬೇತಿ ಆಯಿತು. ಪ್ರಾಜೆಕ್ಟ್ ಮ್ಯಾನೇಜರ್ ಸ್ಕ್ರಮ್ ಮಾಸ್ಟರ್ (ಈ ಪದ್ಧತಿಯಲ್ಲಿ ಟೀಮ್‌ಗೆ ನೆರವಾಗುವವರು) ಆದರು. ದಿನಾ ಬೆಳಗ್ಗೆ ಎಲ್ಲರೂ ಸುತ್ತ ನಿಂತು ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಅಂತ ಹೇಳುತ್ತಿದ್ದೆವು. ಹೇಳುತ್ತಿದ್ದದ್ದು ಮಾತ್ರ ಒಬ್ಬರಿಗೊಬ್ಬರು ಅಲ್ಲ, ಮ್ಯಾನೇಜರ್ ಮುಖ ನೋಡಿ. ಅವರು ರಜೆ ಹಾಕಿದ ದಿನ ಸ್ಟ್ಯಾಂಡ್‌ಅಪ್ಪೇ ಇರುತ್ತಿರಲಿಲ್ಲ. ಆ ಸಭೆ ನಮಗಾಗಿ ಇದ್ದಿದ್ದರೆ ಅವರಿಲ್ಲದ ದಿನವೂ ನಡೆಯಬೇಕಿತ್ತು, ಅಲ್ವಾ? 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಕೂತು ಅಜೈಲ್ ಪ್ರಣಾಳಿಕೆ ಬರೆದಾಗ ಅದರ ಮೊದಲ ಸಾಲಿನಲ್ಲೇ ವಿಧಾನ, ಉಪಕರಣಗಳಿಗಿಂತ ಮನುಷ್ಯರಿಗೂ ಅವರ ಒಡನಾಟಕ್ಕೂ ಹೆಚ್ಚು ಬೆಲೆ ಅಂದಿದ್ದರು. ನಮಗೆ ಬಂದು ತಲುಪಿದ್ದು ವಿಧಾನ ಮತ್ತು ಉಪಕರಣ.

ಹೀಗೆ ಆದದ್ದು ಇದೇ ಮೊದಲಲ್ಲ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಅನ್ನುವ ಎಂಜಿನಿಯರ್ ದೊಡ್ಡ ಸಾಫ್ಟ್‌ವೇರ್ ಕಟ್ಟುವ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪೆಟ್ಟಿಗೆಗಳ ಚಿತ್ರ ಇದೆ: ಮೊದಲು ಬೇಡಿಕೆ, ಆಮೇಲೆ ವಿನ್ಯಾಸ, ಆಮೇಲೆ ಕೋಡ್, ಆಮೇಲೆ ಟೆಸ್ಟ್. ಇದೇ ಮುಂದೆ ವಾಟರ್‌ಫಾಲ್ ಅಂತ ಹೆಸರಾಯಿತು. ಆದರೆ ಇದನ್ನು ಹೀಗೇ ಜಾರಿಗೆ ತಂದರೆ ಅಪಾಯ, ಸೋಲನ್ನು ಕರೆದಂತೆ ಅಂತ ಅದೇ ಪ್ರಬಂಧದಲ್ಲಿ ರಾಯ್ಸ್ ಬರೆದಿದ್ದರು. ಮೊದಲ ಸಲ ಕಟ್ಟಿದ್ದರಿಂದ ಕಲಿತು ಎರಡನೇ ಸಲ ಕಟ್ಟಿ ಅಂತಲೂ ಹೇಳಿದ್ದರು. ಜಗತ್ತು ಚಿತ್ರ ತೆಗೆದುಕೊಂಡಿತು, ಎಚ್ಚರಿಕೆ ಬಿಟ್ಟಿತು. ಯಾಕೆ? ನನ್ನ ಅನಿಸಿಕೆ ಇದು: ಆ ಪೆಟ್ಟಿಗೆಗಳು ಕಂಪನಿಯ ಇಲಾಖೆಗಳಿಗೆ ಸರಿಯಾಗಿ ಹೊಂದಿದವು. ಒಂದೊಂದು ಪೆಟ್ಟಿಗೆಗೆ ಒಬ್ಬ ಮುಖ್ಯಸ್ಥ, ಒಂದು ಬಜೆಟ್, ಒಂದು ಸಹಿ. ಸಂಸ್ಥೆ ತನ್ನ ಮುಖ ಕಂಡ ಚಿತ್ರವನ್ನು ಇಟ್ಟುಕೊಂಡಿತು.

ಸಂಸ್ಥೆಯ ಮುಖ ಸಾಫ್ಟ್‌ವೇರ್‌ನಲ್ಲೂ ಮೂಡುತ್ತದೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1967ರಲ್ಲೇ ಇದರ ಬಗ್ಗೆ ಲೇಖನ ಬರೆದಿದ್ದರು. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಅದನ್ನು ತಿರಸ್ಕರಿಸಿತು, ವಾದ ಸಾಬೀತಾಗಿಲ್ಲ ಅನ್ನುವುದು ಅವರ ಕಾರಣ. ಆಮೇಲೆ 1968ರಲ್ಲಿ ಡೇಟಾಮೇಶನ್ ಪತ್ರಿಕೆ ಅಚ್ಚು ಹಾಕಿತು. ಅವರು ಹೇಳಿದ್ದು ಇಷ್ಟೇ: ಒಂದು ಸಂಸ್ಥೆ ಏನೇ ವಿನ್ಯಾಸ ಮಾಡಿದರೂ ಅದರೊಳಗಿನ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ವಿನ್ಯಾಸವೂ ಹಾಗೇ ಇರುತ್ತದೆ.

ನನಗೆ ಇದು ಅರ್ಥವಾದದ್ದು ಹಳೆ ಕಂಪನಿಯ ಒಂದು ಪರದೆಯಿಂದ. ಗ್ರಾಹಕರು ವಿಳಾಸ ಬದಲಾಯಿಸಲು ಎರಡು ಜಾಗ ಇದ್ದವು. ಖಾತೆಯ ಪುಟದಲ್ಲಿ ಬದಲಾಯಿಸಿದರೆ ಬಿಲ್‌ನಲ್ಲಿ ಹಳೆಯದೇ ಬರುತ್ತಿತ್ತು. ಬಿಲ್ ಪುಟದಲ್ಲಿ ಬದಲಾಯಿಸಿದರೆ ಖಾತೆಗೆ ಗೊತ್ತಾಗುತ್ತಿರಲಿಲ್ಲ. ಹೀಗಿರಲಿ ಅಂತ ಯಾರೂ ಬಯಸಿರಲಿಲ್ಲ. ಖಾತೆಯ ಟೀಮ್ ಒಬ್ಬ ನಿರ್ದೇಶಕರ ಕೆಳಗಿತ್ತು, ಬಿಲ್ಲಿಂಗ್ ಟೀಮ್ ಇನ್ನೊಬ್ಬರ ಕೆಳಗಿತ್ತು. ಇಬ್ಬರ ನಡುವೆ ಮಾತು ಕಡಿಮೆ. ಆ ಕಡಿಮೆ ಮಾತು ಎರಡು ಡೇಟಾಬೇಸ್ ಆಗಿ, ಎರಡು ಫಾರ್ಮ್ ಆಗಿ, ಕೊನೆಗೆ ಗ್ರಾಹಕರ ಪಾಲಿನ ಕಿರಿಕಿರಿಯಾಗಿ ನಿಂತಿತ್ತು. ನಾವು ಕೋಡನ್ನು ಎಷ್ಟು ಸಲ ಶುಚಿ ಮಾಡಿದರೂ ಅದು ಹೋಗಲಿಲ್ಲ. ಎರಡೂ ಕಡೆಯಿಂದ ನಾಲ್ಕು ಜನರನ್ನು ತೆಗೆದು ಒಂದು ಟೀಮ್ ಮಾಡಿದ ಮೇಲೆ, ಎರಡೇ ತಿಂಗಳಲ್ಲಿ ಒಂದು ಫಾರ್ಮ್ ಆಯಿತು.

ಕಾನ್ವೇ ಮಾತಿಗೆ ಆಮೇಲೆ ಲೆಕ್ಕದ ಬಲವೂ ಸಿಕ್ಕಿತು. 2008ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ವಿಂಡೋಸ್ ವಿಸ್ಟಾದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಯಾವ ಭಾಗ ಕೈಕೊಡುತ್ತದೆ ಅಂತ ಮುಂಚೆಯೇ ಹೇಳಬಹುದೇ ಅನ್ನುವುದು ಪ್ರಶ್ನೆ. ಕೋಡ್ ಎಷ್ಟು ತೊಡಕಾಗಿದೆ, ಎಷ್ಟು ಸಲ ಬದಲಾಗಿದೆ, ಟೆಸ್ಟ್ ಎಷ್ಟರ ಮಟ್ಟಿಗೆ ಮುಟ್ಟಿದೆ ಅನ್ನುವ ಅಳತೆಗಳನ್ನು ಒಂದು ಕಡೆ ಇಟ್ಟರು. ಇನ್ನೊಂದು ಕಡೆ ಸಂಸ್ಥೆಯ ಅಳತೆಗಳು: ಎಷ್ಟು ಎಂಜಿನಿಯರ್‌ಗಳು ಅದನ್ನು ಮುಟ್ಟಿದರು, ಅವರಲ್ಲಿ ಎಷ್ಟು ಜನ ಕಂಪನಿ ಬಿಟ್ಟರು, ಆ ಭಾಗದ ಹೊಣೆ ಎಷ್ಟು ವಿಭಾಗಗಳಲ್ಲಿ ಹಂಚಿಹೋಗಿದೆ. ಸಂಸ್ಥೆಯ ಅಳತೆಗಳೇ ಹೆಚ್ಚು ಸರಿಯಾಗಿ ಹೇಳಿದವು, ಸುಮಾರು 86 ಶೇಕಡಾ ನಿಖರತೆಯಿಂದ. ಈ ಪ್ರಬಂಧ ಓದಿದ ದಿನ ನಾನು ತುಂಬಾ ಹೊತ್ತು ಯೋಚಿಸುತ್ತಾ ಕೂತಿದ್ದೆ. ಕೋಡ್ ರಿವ್ಯೂಗೆ ನಾವು ಕೊಡುವ ಗಮನದಲ್ಲಿ ಒಂದಿಷ್ಟನ್ನು ಯಾರು ಯಾರ ಕೆಳಗಿದ್ದಾರೆ ಅನ್ನುವುದಕ್ಕೆ ಕೊಟ್ಟಿದ್ದೇವಾ?

ಇನ್ನು ತಪ್ಪಿನ ವಿಷಯ. ನನ್ನ ಪ್ರಕಾರ ಒಂದು ಸಂಸ್ಥೆ ಹೇಗಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹಳೆ ಕಂಪನಿಯಲ್ಲಿ ಸರ್ವರ್ ಬಿದ್ದರೆ ಒಂದು ಫಾರ್ಮ್ ತುಂಬಬೇಕಿತ್ತು. ಅದರಲ್ಲಿ "ಹೊಣೆಗಾರರು" ಅಂತ ಒಂದು ಕಾಲಂ. ಆ ಕಾಲಂ ಇದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಉಳಿದ ಕಾಲಂಗಳಲ್ಲಿ ಯಾರೂ ನಿಜ ಪೂರ್ತಿ ಬರೆಯುತ್ತಿರಲಿಲ್ಲ. ಕಾರಣ: ಕಣ್ತಪ್ಪು. ಪರಿಹಾರ: ತರಬೇತಿ ಕೊಡಲಾಗುವುದು. ಮುಂದಿನ ತಿಂಗಳು ಬೇರೆ ಹೆಸರಿನಲ್ಲಿ ಅದೇ ತಪ್ಪು. ಗಡುವಿನ ವಿಷಯದಲ್ಲೂ ಹಾಗೇ. ಆಗುವುದಿಲ್ಲ ಅಂತ ಒಳಗೆ ಗೊತ್ತಿದ್ದರೂ "ಆಗುತ್ತೆ ಸರ್" ಅನ್ನುತ್ತಿದ್ದೆವು. ಆಗಲ್ಲ ಅಂದವರಿಗೆ ಏನಾಗುತ್ತದೆ ಅಂತ ನೋಡಿದ್ದೆವು. ಹೀಗೆ ಮೇಲಿದ್ದವರಿಗೆ ನಿಜ ತಲುಪುತ್ತಿದ್ದದ್ದು ಗಡುವಿನ ಹಿಂದಿನ ದಿನ.

ಈಗಿನ ಕಡೆ ಒಂದು ಸಲ ನನ್ನಿಂದಲೇ ಸೇವೆ ನಿಂತಿತು. ಪರೀಕ್ಷೆಯ ಡೇಟಾಬೇಸ್ ಅಂದುಕೊಂಡು ಬಳಕೆಯಲ್ಲಿದ್ದ ನಿಜವಾದದ್ದರಲ್ಲಿ ಒಂದು ಸೆಟ್ಟಿಂಗ್ ಅಳಿಸಿದ್ದೆ. 40 ನಿಮಿಷ ಬೇಕಾಯಿತು ಸರಿಪಡಿಸಲು. ಮರುದಿನದ ಸಭೆಗೆ ಎದೆ ಹೊಡೆದುಕೊಳ್ಳುತ್ತಲೇ ಹೋದೆ. ಸಭೆಯಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ: "ಆ ಹೊತ್ತಿಗೆ ನಿಮ್ಮ ಪರದೆಯ ಮೇಲೆ ಏನು ಕಾಣುತ್ತಿತ್ತು?" ತೋರಿಸಿದೆ. ಎರಡೂ ಡೇಟಾಬೇಸ್‌ಗಳ ಪರದೆ ಒಂದೇ ಥರ ಇದ್ದವು. ಬಣ್ಣ, ಅಕ್ಷರ ಎಲ್ಲಾ ಒಂದೇ. ಆ ವಾರವೇ ನಿಜವಾದದ್ದರ ಪರದೆಗೆ ಕೆಂಪು ಪಟ್ಟಿ ಬಂತು. ಅಳಿಸುವ ಮೊದಲು ಅದರ ಹೆಸರನ್ನು ಟೈಪ್ ಮಾಡಬೇಕು ಅನ್ನುವ ನಿಯಮವೂ ಬಂತು. ಆಮೇಲೆ ಆ ತಪ್ಪು ಯಾರಿಂದಲೂ ಆಗಿಲ್ಲ. ನಾನು ಭಯಪಟ್ಟು ಅರ್ಧ ಮುಚ್ಚಿಟ್ಟಿದ್ದರೆ ಆ ಕೆಂಪು ಪಟ್ಟಿ ಬರುತ್ತಿರಲಿಲ್ಲ.

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಷೇರು ವ್ಯವಹಾರದ ಕಂಪನಿ ಸುಮಾರು 45 ನಿಮಿಷದಲ್ಲಿ 40 ಕೋಟಿ ಡಾಲರ್‌ಗೂ ಜಾಸ್ತಿ ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಒಂದಕ್ಕೆ ಹೋಗಿರಲಿಲ್ಲ. ಅದರಲ್ಲಿ ಉಳಿದಿದ್ದ ಹಳೆಯ ಕೋಡ್ ಎದ್ದು ಓಡಲು ಶುರು ಮಾಡಿತು. ಮರೆತವರು ಯಾರು ಅಂತ ಕೇಳಿ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತನಿಖೆಯಲ್ಲಿ ಹೊರಬಂದದ್ದು ಬೇರೆ: ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಬೇಕು ಅನ್ನುವ ಬರೆದಿಟ್ಟ ನಿಯಮವೇ ಅಲ್ಲಿ ಇರಲಿಲ್ಲ. ವ್ಯವಹಾರ ಶುರುವಾಗುವ ಮುಂಚೆಯೇ ವ್ಯವಸ್ಥೆಯಿಂದ 97 ಇಮೇಲ್‌ಗಳು ಹೋಗಿದ್ದವು. ಅವನ್ನು ಎಚ್ಚರಿಕೆ ಅಂತ ಯಾರೂ ತೆಗೆದುಕೊಳ್ಳಲಿಲ್ಲ. ಒಬ್ಬರ ಮರೆವು ಆ ಮಟ್ಟಕ್ಕೆ ಬೆಳೆಯಲು ಸಂಸ್ಥೆಯೇ ದಾರಿ ಬಿಟ್ಟಿತ್ತು.

ಹೊರಗಿನದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಈಗಿನ ಕಡೆ ಪ್ರತಿ ಟೀಮ್‌ಗೂ ಸ್ವಾತಂತ್ರ್ಯ ಇದೆ, ಹಾಗಾಗಿ ಲಾಗ್, ಅಂದರೆ ವ್ಯವಸ್ಥೆ ಯಾವಾಗ ಏನು ಮಾಡಿತು ಅನ್ನುವ ದಾಖಲೆ, ಬರೆಯುವುದಕ್ಕೇ ಐದು ವಿಧಾನ ಇವೆ. ಒಂದು ತೊಂದರೆ ಮೂರು ಟೀಮ್ ದಾಟಿ ಬಂದರೆ ಹುಡುಕುವುದರಲ್ಲಿ ರಾತ್ರಿ ಕಳೆಯುತ್ತದೆ. ಹಳೆ ಕಂಪನಿಯಲ್ಲಿ ಯಾರಾದರೂ ಬಿಟ್ಟು ಹೋದರೆ ಅವರ ಕೆಲಸದ ಟಿಪ್ಪಣಿ ನೀಟಾಗಿ ಸಿಗುತ್ತಿತ್ತು. ಹೊಸಬರ ಜೊತೆ ಹಿರಿಯರು ತಿಂಗಳುಗಟ್ಟಲೆ ಕೂತು ಕಲಿಸುತ್ತಿದ್ದರು. ನಾನು ಕೆಲಸ ಕಲಿತದ್ದು ಹಾಗೇ. ಅದನ್ನು ಇಲ್ಲಿ ಇವತ್ತಿಗೂ ಹುಡುಕುತ್ತೇನೆ.

ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸದ ವಿಧಾನ ಎಷ್ಟು ಪಕ್ವವಾಗಿದೆ ಅಂತ ಅಳೆಯುವ ಸಿಎಂಎಂ ಬಗ್ಗೆಯೂ ನನಗೆ ಗೌರವ ಇದೆ. ವಾಟ್ಸ್ ಹಂಫ್ರಿ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಸಂಸ್ಥೆಯವರು ಅಮೆರಿಕದ ರಕ್ಷಣಾ ಇಲಾಖೆಗಾಗಿ ಕಟ್ಟಿದ ಈ ಐದು ಹಂತದ ಮಾದರಿ 1991ರಲ್ಲಿ ಹೊರಬಂತು. ಭಾರತದ ಎಷ್ಟೋ ಕಂಪನಿಗಳು ಐದನೇ ಹಂತ ಮುಟ್ಟಿದವು. ಆ ಶಿಸ್ತು ಸುಳ್ಳಲ್ಲ. ಆದರೆ ಐದನೇ ಹಂತದ ಅರ್ಥವೇ ಕೆಲಸದ ವಿಧಾನವನ್ನು ಬಿಡದೆ ಸುಧಾರಿಸುತ್ತಾ ಹೋಗುವುದು. ನಾನು ಕಂಡ ಕಡೆ ಸರ್ಟಿಫಿಕೇಟ್ ಬಂದ ದಿನವೇ ಸುಧಾರಣೆ ನಿಂತಿತು. ಆಮೇಲೆ ನಡೆದದ್ದು ಆಡಿಟ್ ಹತ್ತಿರ ಬಂದಾಗ ದಾಖಲೆ ಸಿದ್ಧ ಮಾಡುವ ಕೆಲಸ.

ಅಳತೆಯ ಬಗ್ಗೆ ಒಂದೇ ಮಾತು. ಟೆಸ್ಟರ್‌ಗಳನ್ನು ಹಿಡಿದ ಬಗ್‌ಗಳ ಲೆಕ್ಕದಿಂದ ಅಳೆದರೆ, ಡೆವಲಪರ್‌ಗಳನ್ನು ಬಂದ ಬಗ್‌ಗಳ ಲೆಕ್ಕದಿಂದ ಅಳೆದರೆ, ಇಬ್ಬರೂ ಇದು ಬಗ್ಗೋ ಅಲ್ಲವೋ ಅಂತ ವಾದ ಮಾಡುತ್ತಾ ದಿನ ಕಳೆಯುತ್ತಾರೆ. ಇಬ್ಬರೂ ಒಳ್ಳೆಯವರೇ. ಜಗಳ ಇಟ್ಟದ್ದು ಅಳತೆ.

ಊರಿನ ಕಡೆ ಕೆಲಸ ಮಾಡುವ ಗೆಳೆಯರು ಕೇಳಿದಾಗ ಯಾವ ಟೂಲ್ ತರಬೇಕು ಅಂತ ನಾನು ಹೇಳುವುದಿಲ್ಲ. ಈಚೆಗೆ ಮುಗಿದ ಒಂದು ಸಣ್ಣ ಬದಲಾವಣೆ ತಗೊಳ್ಳಿ ಅನ್ನುತ್ತೇನೆ. ಅದು ಹುಟ್ಟಿದ ಗಂಟೆಯಿಂದ ಬಳಕೆದಾರರನ್ನು ಮುಟ್ಟಿದ ಗಂಟೆವರೆಗೆ ಒಂದು ಹಾಳೆಯ ಮೇಲೆ ಗೆರೆ ಎಳೆಯಿರಿ. ಎಲ್ಲಿ ಕೆಲಸ ನಡೆಯಿತು, ಎಲ್ಲಿ ಕಾಯಿತು ಅಂತ ಗುರುತು ಹಾಕಿ. ಕಾದ ಪ್ರತಿ ಜಾಗದಲ್ಲೂ ಕೇಳಿ: ಇಲ್ಲಿ ಸಹಿ ಹಾಕುವವರು ಎಂದಾದರೂ ಬೇಡ ಅಂದಿದ್ದಾರಾ? ನಮ್ಮ ಈಗಿನ ಟೀಮ್‌ನಲ್ಲೂ ಇಂಥ ಒಂದು ಸಹಿ ಉಳಿದಿತ್ತು. ಒಂದು ವರ್ಷದ ದಾಖಲೆ ತೆಗೆದು ನೋಡಿದೆವು. ಒಂದು ಸಲವೂ ಬೇಡ ಅಂದಿರಲಿಲ್ಲ. ಸಹಿ ಹಾಕುತ್ತಿದ್ದವರಿಗೇ ಹಾಳೆ ತೋರಿಸಿದೆವು. ತೆಗೆದುಬಿಡಿ ಅಂತ ಅವರೇ ಹೇಳಿದರು. ಅವರಿಗೂ ಅದು ಹೊರೆಯಾಗಿತ್ತು.

ಹಳೆ ಕಂಪನಿಯಲ್ಲೇ ಉಳಿದಿರುವ ಗೆಳೆಯನೊಬ್ಬ ಈ ಹಾಳೆ ಬರೆದ. ತನ್ನ ಮ್ಯಾನೇಜರ್‌ಗೆ ತೋರಿಸಿದ. ಅವರೂ ಕೂತು ನೋಡಿದರಂತೆ. ಇಬ್ಬರು ಟೆಸ್ಟರ್‌ಗಳು ಈಗ ಅವನ ಟೀಮ್ ಜೊತೆಗೇ ಕೂರುತ್ತಾರೆ, ರಿವ್ಯೂ ಟೀಮ್‌ನ ಒಳಗೇ ನಡೆಯುತ್ತದೆ. ಕಳೆದ ತಿಂಗಳು ಫೋನ್ ಮಾಡಿದ್ದಾಗ ಹೇಳಿದ, 19 ದಿನ ಈಗ 11 ಆಗಿದೆ. ಉಳಿದ 11ರಲ್ಲಿ ಜಾಸ್ತಿ ಹೋಗುತ್ತಿರುವುದು ಗುರುವಾರದ ಸಭೆಗೆ ಕಾಯುವುದರಲ್ಲಿ. ಮುಂದಿನ ಗುರುವಾರ ಹಾಳೆ ಹಿಡಿದು ಆ ಸಭೆಗೆ ಅವನೇ ಹೋಗುತ್ತಾನೆ.