ಬಾಯಿಪಾಠಕ್ಕೆ ಸಿಗದ ಪ್ರಶ್ನೆಗಳೂ ಇವೆ
ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಯಲ್ಲಿ ಪ್ರಬಂಧದ ಪ್ರಶ್ನೆಗಳು ಬರೀ ಬಾಯಿಪಾಠ ಬೆಳೆಸುತ್ತವೆ, ತೆಗೆದುಬಿಡಿ ಎಂದಿದ್ದೀರಿ ಸರ್. ನಾನು ಒಪ್ಪುವುದಿಲ್ಲ. ಕೇಳುವ ರೀತಿ ಬದಲಾಗಬೇಕು, ಅಷ್ಟೇ.

ನಾವು ಅಮೆರಿಕದಲ್ಲಿದ್ದೇವೆ. ಮಗಳು ಹನ್ನೆರಡನೇ ಕ್ಲಾಸಿನಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಇಂಗ್ಲಿಷ್ ಸಾಹಿತ್ಯದ ಪರೀಕ್ಷೆ ಬರೆದಳು. 2 ಗಂಟೆಯಲ್ಲಿ 3 ಪ್ರಬಂಧ. ಒಟ್ಟು ಅಂಕದಲ್ಲಿ ಶೇ. 55 ಇವಕ್ಕೇ. ಮೊದಲ ಎರಡಕ್ಕೆ ಒಂದು ಪದ್ಯ, ಒಂದು ಗದ್ಯಭಾಗ ಪ್ರಶ್ನೆಯ ಜೊತೆಗೇ ಇರುತ್ತದೆ. ಅದು ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲ. ಹಾಗಿದ್ದಾಗ ಗೈಡ್ ಉರು ಹೊಡೆದು ಏನು ಪ್ರಯೋಜನ, ಅಲ್ವಾ? ಮೂರನೆಯದರಲ್ಲಿ ಒಂದು ವಿಷಯ ಕೊಡುತ್ತಾರೆ. ಯಾವ ಕೃತಿಯ ಬಗ್ಗೆ ಬರೆಯಬೇಕೆಂದು ಮಕ್ಕಳೇ ಆರಿಸಿಕೊಳ್ಳಬೇಕು.

ನನಗೆ ತುಂಬಾ ಹಿಡಿಸಿದ್ದು ಅಂಕ ಕೊಡುವ ಕ್ರಮ. ಒಂದೊಂದು ಪ್ರಬಂಧಕ್ಕೆ 6 ಅಂಕ. ಅದರಲ್ಲಿ 4 ಅಂಕ, ಕೃತಿಯ ಸಾಲು, ಸಂಗತಿಗಳನ್ನು ತೋರಿಸಿ ಅವು ನಿಮ್ಮ ಮಾತಿಗೆ ಹೇಗೆ ಆಧಾರ ಎಂದು ವಿವರಿಸುವುದಕ್ಕೆ. ಸುಮ್ನೆ ಕಥೆ ಹೇಳಿದರೆ ಜಾಸ್ತಿ ಅಂಕ ಬರುವುದಿಲ್ಲ.

ನಾನು ಪಿಯುಸಿ ಓದುವಾಗ ಪದ್ಯದ ಸಾರಾಂಶ ಬಾಯಿಪಾಠ ಮಾಡಿ ಬರೆದೆ. ಆ ಪದ್ಯ ಓದಿ ನಿನಗೇನು ಅನ್ನಿಸಿತು ಎಂದು ಯಾರೂ ಕೇಳಲಿಲ್ಲ. ಆ ಬೇಜಾರು ಇವತ್ತಿಗೂ ಇದೆ. ಪಾಠದಲ್ಲಿ ಇಲ್ಲದ ಒಂದು ಸಣ್ಣ ಪದ್ಯ ಕೊಟ್ಟು, ಅದರ ಮೇಲೆ ಒಂದೇ ಒಂದು ಪ್ರಬಂಧ ಬರೆಸಿ ನೋಡಿ ಸರ್.