ಫ್ರೇಮಿಂದ ಸ್ವಲ್ಪ ಆಚೆ ಹೋಗಪ್ಪ

ಬೆಳಗ್ಗೆ ಬೆಳಗ್ಗೆನೇ ತಲೆ ಕೆಟ್ಟೋಯ್ತು. ನಮ್ಮ ಅಪಾರ್ಟ್‌ಮೆಂಟಿನ ಪುಟಾಣಿ ಕೊಳದಲ್ಲಿ ನಾಲ್ಕು ನೈದಿಲೆ ಅರಳಿವೆ, ಮಾಲಿ ಮೊಣಕಾಲುದ್ದ ನೀರಲ್ಲಿ ನಿಂತು ಪಾಚಿ ತೆಗೀತಿದ್ದಾನೆ, ರೀಲ್ಸ್ ಮಾಡ್ತಿದ್ದೋರೊಬ್ರು ಅವನಿಗೆ "ಫ್ರೇಮಿಂದ ಸ್ವಲ್ಪ ಆಚೆ ಹೋಗಪ್ಪ" ಅಂದ್ರು. ಹತ್ತು ನಿಮಿಷಕ್ಕೆ ಗ್ರೂಪಲ್ಲಿ ಬಂತು, "ನಮ್ಮದೇ ಮೋನೆ ತೋಟ"!

ಮೋನೆ ತೋಟ ಅಂತೆ. ಅದೇ, ನೈದಿಲೆ ಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಪೇಂಟರ್ ಕ್ಲೋದ್ ಮೋನೆ, ಅವನು ಜಿವೆರ್ನಿ ಅನ್ನೋ ಹಳ್ಳೀಲಿ ಮಾಡಿಸಿದ ತೋಟ. ಹೋದ ವರ್ಷ ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋಗಿದ್ದು, ಬಂದು ನಿಮ್ಮೆಲ್ಲರ ತಲೆ ತಿಂದಿದ್ದು ನೆನಪಿರ್ಬೇಕಲ್ಲ, ಪ್ಯಾರಿಸ್ಸಿಂದ ವೆರ್ನಾನ್‌ಗೆ ರೈಲು, ಅಲ್ಲಿಂದ ಜಿವೆರ್ನಿಗೆ ಬಸ್ಸು. ಆ ಕೊಳ ದೇವರು ಕೊಟ್ಟಿದ್ದಲ್ಲ ಸ್ವಾಮಿ. 1893ರಲ್ಲಿ ಜಾಗ ತಗೊಂಡು, ತೊರೆ ನೀರು ತಿರುಗಿಸಿ ಮಾಡಿಸಿದ್ದು. ಪರದೇಶದ ಗಿಡ ಹಾಕಿದ್ರೆ ನೀರೆಲ್ಲಾ ವಿಷ ಆಗತ್ತೆ ಅಂತ ಊರಿನೋರು ಅಡ್ಡಗಾಲು ಹಾಕಿದ್ರು. ಎಲೆ ಮೇಲೆ ಧೂಳು ಕೂರತ್ತೆ ಅಂತ ಈ ಪುಣ್ಯಾತ್ಮ ಸ್ವಂತ ದುಡ್ಡಲ್ಲಿ ಪಕ್ಕದ ರಸ್ತೆಗೆ ಟಾರು ಹಾಕಿಸಿದ. (ನಮ್ಮ ಲೇಔಟಿಗೂ ಒಬ್ಬ ಪೇಂಟರ್ ಬರಬಾರದಾ!) ನೈದಿಲೆ ನೋಡ್ಕೊಳ್ಳೋಕೇ ಅಂತ ಒಬ್ಬ ಮಾಲಿ, ದೋಣೀಲಿ ಕೂತು ಒಣಗಿದ ಎಲೆ ಕೀಳೋದೇ ಕೆಲಸ. ಆ ನೈದಿಲೆಗಳದ್ದೇ ಸುಮಾರು 250 ಚಿತ್ರ ಇವೆ, ನಾನು ನೋಡಿದ ಒಂದರಲ್ಲೂ ಆ ದೋಣಿಯವನಿಲ್ಲ.

"ಮಾಲಿಗಳು ಎಲ್ಲಾ ಕಡೆ ಸಿಗ್ತಾರೆ, ಆ ಕಣ್ಣು ಬೇಕಲ್ವಾ" ಅಂತೀರ. ಬೇಕು, ಯಾರು ಇಲ್ಲ ಅಂದ್ರು. ಆ ಕಣ್ಣಿಗೇ ಪೊರೆ ಬಂದು ಬಣ್ಣ ಎಲ್ಲಾ ಕೆಂಪು ಕಂದು ಆಗೋಗಿ, 1923ರಲ್ಲಿ ಆಪರೇಷನ್ ಮಾಡಿಸ್ಬೇಕಾಯ್ತು. ಕಸ ಎತ್ತೋ ಕೈಗೆ ಪೊರೆ ಬರಲ್ಲ ನೋಡಿ.

ಇವಳಿಗ್ಯಾಕೆ ಇಷ್ಟು ಉರಿ ಅಂತ ಹಳೇ ಫ್ರೆಂಡ್ಸು ಕೇಳಲ್ಲ. ಅಪ್ಪ ಲಾಲ್‌ಬಾಗಲ್ಲಿ ಮಾಲಿ. ಫ್ಲವರ್ ಶೋ ಬಂದ್ರೆ ರಾತ್ರಿ ಮನೆಗೇ ಬರ್ತಿರ್ಲಿಲ್ಲ, ಬೆಳಗ್ಗೆ ಬಂದಾಗ ಉಗುರು ಸಂದೀಲಿ ಕೆಮ್ಮಣ್ಣು, ಅದೇ ಕೈಯಲ್ಲಿ ನನಗೆ ಜಡೆ ಹಾಕ್ತಿದ್ರು. ನಾನೋ, ಸ್ಕೂಲ್ ಫಾರಂನಲ್ಲಿ ತಂದೆ ಉದ್ಯೋಗ ಅಂತ ಇದ್ದ ಕಡೆ "ಸರ್ಕಾರಿ ನೌಕರಿ" ಅಂತ ಬರೆದು ಬರ್ತಿದ್ದೆ. ಏಳನೇ ಕ್ಲಾಸಿಂದ ಪಿಯುಸಿ ತನಕ.

ಇನ್ನೊಂದು ಹೇಳ್ಬಿಡ್ತೀನಿ. ಜಿವೆರ್ನೀಲಿ ನಾನು ಆ ಹಸಿರು ಸೇತುವೆ ಮೇಲೆ ಹಲ್ಲು ಕಿರಿದು ನಿಂತಿರೋ ಫೋಟೋಗೆ ನೀವೆಲ್ಲಾ ಲೈಕ್ ಒತ್ತಿದ್ರಲ್ಲ, ಅದು ಕ್ರಾಪ್ ಮಾಡಿದ ಫೋಟೋ. ಒರಿಜಿನಲ್ ಫೋನಲ್ಲಿ ಇನ್ನೂ ಇದೆ, ಹಾಕ್ತಿದೀನಿ. ಎಡಗಡೆ ದೋಣಿ, ಅದರಲ್ಲಿ ಕೆಸರು ಬೂಟಿನ ಒಬ್ಬ, ನಮ್ಮದು ಮುಗೀಲಿ ಅಂತ ಜಾಲರಿ ತೊಡೆ ಮೇಲಿಟ್ಕೊಂಡು ಸುಮ್ನೆ ಕಾಯ್ತಿದ್ದಾನೆ.